ಕತ್ತಿನ ಮೂಳೆಯ ಗಡ್ಡೆ ರಕ್ತನಾಳವನ್ನು ಸುತ್ತಿಕೊಂಡಿದೆ: ನಾಳ ಉಳಿಸಬೇಕಾ, ಗಡ್ಡೆ ಪೂರ್ತಿ ತೆಗೆಸಬೇಕಾ?

ಅಕ್ಕನ ತಂಗಿ

ಎಲ್ಲರಿಗೂ ನಮಸ್ಕಾರ. ಅಕ್ಕನಿಗೆ 44 ವರ್ಷ. ಏಳೆಂಟು ತಿಂಗಳಿಂದ ಕತ್ತು ನೋವು. ಹಗಲು ಹೇಗೋ ತಡೆದುಕೊಳ್ಳುತ್ತಿದ್ದಳು, ರಾತ್ರಿ ಮಲಗಿದರೆ ಜಾಸ್ತಿ ಆಗುತ್ತಿತ್ತು. ಆಮೇಲೆ ಬಲಭುಜ ಜೋಮು ಹಿಡಿಯತೊಡಗಿತು. ಹೋದ ತಿಂಗಳು ಬಟ್ಟೆಯ ಗುಂಡಿ ಹಾಕಿಕೊಳ್ಳಲು ಬೆರಳು ಮಾತು ಕೇಳುತ್ತಿಲ್ಲ ಅಂದಳು. ಆಗ ಎಂಆರ್‌ಐ ಮಾಡಿಸಿದೆವು.

ಕತ್ತಿನ 4ನೇ ಮೂಳೆಯಲ್ಲಿ, ಬಲಗಡೆ, ಗಡ್ಡೆ ಇದೆ. ಬೆನ್ನುಹುರಿಯನ್ನು ಸ್ವಲ್ಪ ಒತ್ತುತ್ತಿದೆ. ಅಷ್ಟೇ ಅಲ್ಲ, ಬಲಗಡೆಯ ವರ್ಟೆಬ್ರಲ್ ಆರ್ಟರಿಯನ್ನು ಸುತ್ತಲೂ ಆವರಿಸಿಕೊಂಡಿದೆ. ಮೆದುಳಿಗೆ ರಕ್ತ ಹೋಗುವ ನಾಳ ಅಂತೆ.

ಇಬ್ಬರು ಡಾಕ್ಟರನ್ನು ನೋಡಿದೆವು. ಮೊದಲನೆಯವರು, "ಆದಷ್ಟು ತೆಗೆಯೋಣ, ನಾಳದ ಸುತ್ತ ಇರುವುದನ್ನು ಬಿಟ್ಟುಬಿಡೋಣ" ಅಂದರು. ಎರಡನೆಯವರು, "ನಾಳವನ್ನೇ ಮುಚ್ಚಿ, ಎಲ್ಲವನ್ನೂ ಒಟ್ಟಿಗೆ ತೆಗೆಯಬೇಕಾಗಬಹುದು" ಅಂದರು. ಭಾವ ಒಂದು ಕಡೆ, ಅಣ್ಣ ಇನ್ನೊಂದು ಕಡೆ. ಅಕ್ಕ ಮಾತೇ ಆಡುತ್ತಿಲ್ಲ. ಮೆದುಳಿಗೆ ಹೋಗುವ ನಾಳವನ್ನು ಮುಚ್ಚಿದರೆ ಮನುಷ್ಯ ಬದುಕುತ್ತಾನಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಹೊಲಿಗೆ

ತಂಗಿ, ಮೊದಲು ಧೈರ್ಯ ತಂದುಕೊಳ್ಳಿ. ನನಗೆ ಆರು ವರ್ಷದ ಹಿಂದೆ ಇದೇ ನಾಳದ ಪಕ್ಕದಲ್ಲಿ ಗಡ್ಡೆ ಇತ್ತು. ಕತ್ತಿನ 2ನೇ ನರದಿಂದ ಹುಟ್ಟಿದ ಶ್ವಾನೋಮಾ. ನರದ ಹೊದಿಕೆಯ ಕಣಗಳಿಂದ ಬೆಳೆಯುವ ಗಡ್ಡೆ ಅದು, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅರ್ಧ ಮೂಳೆಯ ಒಳಗೆ, ಅರ್ಧ ಹೊರಗೆ, ನಡುವೆ ಸಣ್ಣ ಸೊಂಟ. ಡಂಬೆಲ್ ಥರ.

ನನಗೆ ನಾಳ ಮುಟ್ಟಲೇ ಇಲ್ಲ. ಗಡ್ಡೆಗೆ ತನ್ನದೇ ಸಿಪ್ಪೆ ಇತ್ತು, ನಾಳವನ್ನು ಪಕ್ಕಕ್ಕೆ ತಳ್ಳಿತ್ತು ಅಷ್ಟೇ. ಸಿಪ್ಪೆ ಸೀಳಿ ಒಳಗಿನ ತಿರುಳನ್ನೆಲ್ಲ ತೆಗೆದರು. ಆಗ ಸಿಪ್ಪೆ ತಾನೇ ಒಳಕ್ಕೆ ಕುಸಿದು ನಾಳದಿಂದ ದೂರ ಬಂತಂತೆ. ನಾಳಕ್ಕೆ ಅಂಟಿದ್ದ ತೆಳು ಪೊರೆಯನ್ನು ಹಾಗೇ ಬಿಟ್ಟರು. ವರ್ಷಕ್ಕೊಂದು ಎಂಆರ್‌ಐ ಮಾಡಿಸುತ್ತೇನೆ. ಇವತ್ತಿನವರೆಗೆ ಬೆಳೆದಿಲ್ಲ. ತಲೆಯ ಹಿಂಭಾಗ ಬಲಗಡೆ ಸ್ಪರ್ಶ ಗೊತ್ತಾಗುವುದಿಲ್ಲ. ಬಾಚಣಿಗೆ ಹಾಕಿದಾಗ ಮಾತ್ರ ನೆನಪಾಗುತ್ತದೆ.

ಹಾಗಾಗಿ ನನ್ನ ಓಟು ಮೊದಲನೇ ಡಾಕ್ಟರಿಗೆ.

ಜೊತೆಗಾರ

ಕ್ಷಮಿಸಿ, ನಾನು ಒಪ್ಪುವುದಿಲ್ಲ. ಯಾಕೆ ಅಂತ ಪೂರ್ತಿ ಹೇಳಬೇಕು.

ನನ್ನ ಹೆಂಡತಿಗೂ ಕತ್ತಿನಲ್ಲೇ ಗಡ್ಡೆ, 3ನೇ ಮೂಳೆ. ಒಂದು ಆಸ್ಪತ್ರೆಯಲ್ಲಿ ಬಯಾಪ್ಸಿ, ಅಂದರೆ ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು, ಮಾಡದೆ ನೇರವಾಗಿ ಆಪರೇಷನ್ ಮಾಡಿದರು. "ಆದಷ್ಟು ತೆಗೆದಿದ್ದೇವೆ, ನಾಳದ ಹತ್ತಿರ ಸ್ವಲ್ಪ ಉಳಿದಿದೆ" ಅಂದರು. ನಾವು ಕೈಮುಗಿದು ಮನೆಗೆ ಬಂದೆವು. ಹತ್ತು ದಿನಕ್ಕೆ ವರದಿ ಬಂತು: ಕಾರ್ಡೋಮಾ. ಆ ಹೆಸರನ್ನೇ ನಾವು ಕೇಳಿರಲಿಲ್ಲ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಬರುವಂಥದ್ದು. ನಾವು ಗರ್ಭದಲ್ಲಿದ್ದಾಗ ಬೆನ್ನುಮೂಳೆ ಮೂಡುವ ಜಾಗದಲ್ಲಿ ನೋಟೋಕಾರ್ಡ್ ಅಂತ ಒಂದು ಎಳೆ ಇರುತ್ತದೆ. ಅದರ ಉಳಿಕೆ ಕಣಗಳಿಂದ ಹುಟ್ಟುತ್ತದೆ. ನಿಧಾನವಾಗಿ ಬೆಳೆಯುತ್ತದೆ, ಆದರೆ ಬಿಟ್ಟ ಜಾಗದಲ್ಲಿ ಮತ್ತೆ ಚಿಗುರುತ್ತದೆ. ಒಳಗೆ ಲೋಳೆ ಇರುತ್ತದೆ. ಆಪರೇಷನ್ ಹೊತ್ತಿಗೆ ಗಡ್ಡೆ ಒಡೆದರೆ ಆ ಲೋಳೆಯ ಜೊತೆ ಕಣಗಳೂ ಸುತ್ತ ಚೆಲ್ಲುತ್ತವೆ.

ಎರಡು ವರ್ಷಕ್ಕೆ ವಾಪಸ್ ಬಂತು. ಈ ಸಲ ಒಂದಲ್ಲ, ಮೂರು ಕಡೆ. ಎರಡನೇ ಆಪರೇಷನ್ನಿನಲ್ಲಿ ಹಳೇ ಗಾಯದ ಕಲೆಯಲ್ಲಿ ಎಲ್ಲವೂ ಒಂದಕ್ಕೊಂದು ಅಂಟಿತ್ತು. ಮೊದಲ ಸಲವೇ ಆಗಬೇಕಿದ್ದ ಕೆಲಸ ಎರಡನೇ ಸಲ ಸಾಧ್ಯವೇ ಇರಲಿಲ್ಲ.

ಅವಳು ಈಗ ನಮ್ಮ ಜೊತೆ ಇಲ್ಲ. ಯಾರನ್ನೂ ದೂರಲು ಬರೆಯುತ್ತಿಲ್ಲ. ತಂಗಿ, ಒಂದೇ ಒಂದು ಕೇಳುತ್ತೇನೆ. ನಿಮ್ಮ ಅಕ್ಕನಿಗೆ ಬಯಾಪ್ಸಿ ಆಗಿದೆಯಾ?

ಅಕ್ಕನ ತಂಗಿ

ಇಲ್ಲ ಅಣ್ಣ. ಇಬ್ಬರೂ ಮಾಡಿಲ್ಲ. ನಿಮ್ಮ ಮಾತು ಓದಿ ಕೈ ನಡುಗಿತು.

ಹಳೇ ಹೊಲಿಗೆ

ಅಣ್ಣ, ನಿಮ್ಮ ಮನೆಯವರ ವಿಷಯ ಓದಿ ತುಂಬಾ ಬೇಜಾರಾಯಿತು. ನನ್ನ ಓಟು ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನದು ಯಾವ ಗಡ್ಡೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ನಾನು ಆ ಮಾತನ್ನೇ ಬಿಟ್ಟು ಹೇಳಿದೆ.

ನರಶಸ್ತ್ರ ಕಲಿಯುತ್ತಿರುವವ

ನಾನು ನರಶಸ್ತ್ರಚಿಕಿತ್ಸೆಯಲ್ಲಿ ತರಬೇತಿಯ ಕೊನೆಯ ವರ್ಷದಲ್ಲಿದ್ದೇನೆ. ನಿಮ್ಮ ಅಕ್ಕನ ಫಿಲ್ಮ್ ನೋಡದೆ ಇದನ್ನೇ ಮಾಡಿ ಅಂತ ಹೇಳುವುದು ತಪ್ಪು. ಆದರೆ ಡಾಕ್ಟರ ಮುಂದೆ ಕೂತಾಗ ಮಾತು ಅರ್ಥ ಆಗಬೇಕಲ್ವಾ, ಅದಕ್ಕೆ ಬರೆಯುತ್ತೇನೆ.

ಮೇಲಿನ ಇಬ್ಬರೂ ಹೇಳಿದ್ದು ನಿಜ. ಜಾಗ ಹತ್ತಿರಹತ್ತಿರದ್ದೇ, ನಾಳವೂ ಅದೇ, ಗಡ್ಡೆ ಬೇರೆ. ಶ್ವಾನೋಮಾ ಆದರೆ ನಾಳ ಉಳಿಸಿ ಚೂರು ಬಿಟ್ಟರೂ ನಡೆಯುತ್ತದೆ. ಕಾರ್ಡೋಮಾದಲ್ಲಿ ಆ ಚೂರೇ ಮುಂದಿನ ಗಡ್ಡೆ. ಬೇರೆ ಜಾಗದ ಕ್ಯಾನ್ಸರ್ ಮೂಳೆಗೆ ಹರಡಿದ್ದಾದರೆ ಲೆಕ್ಕವೇ ಬೇರೆ. ಅಲ್ಲಿ ಬೆನ್ನುಹುರಿಯ ಮೇಲಿನ ಒತ್ತಡ ತೆಗೆದು, ಮೂಳೆ ಗಟ್ಟಿ ಮಾಡಿ, ಉಳಿದದ್ದನ್ನು ರೇಡಿಯೇಷನ್ನಿಗೆ ಬಿಡುವುದು ಹೆಚ್ಚು. ಜೈಂಟ್ ಸೆಲ್ ಟ್ಯೂಮರ್ ಅಂತ ಇನ್ನೊಂದಿದೆ. ಅದಕ್ಕೆ ಡೆನೋಸುಮ್ಯಾಬ್ ಅನ್ನುವ ಇಂಜೆಕ್ಷನ್ ಬಹಳ ಸಲ ಕೆಲಸ ಮಾಡುತ್ತದೆ. ನಾಳ ಮುಚ್ಚಬೇಕಾ ಬೇಡವಾ ಅನ್ನುವುದು ಎರಡನೇ ಪ್ರಶ್ನೆ. ಗಡ್ಡೆಯ ಹೆಸರೇನು ಅನ್ನುವುದು ಮೊದಲನೆಯದು.

ಬಯಾಪ್ಸಿ ಬಗ್ಗೆ ಎರಡು ಎಚ್ಚರಿಕೆ. ಶ್ವಾನೋಮಾ ಅಂತ ಎಂಆರ್‌ಐಯಲ್ಲೇ ಸ್ಪಷ್ಟವಾಗಿದ್ದರೆ ಎಷ್ಟೋ ಸಲ ಸೂಜಿ ಚುಚ್ಚುವುದಿಲ್ಲ, ನರಕ್ಕೆ ತಾಕಿ ವಿಪರೀತ ನೋವಾಗುತ್ತದೆ. ಕಾರ್ಡೋಮಾ ಇರಬಹುದು ಅನ್ನಿಸಿದರೆ ಸೂಜಿ ಹೋದ ದಾರಿಯಲ್ಲೂ ಕಣಗಳು ಉಳಿಯಬಹುದು. ಆಪರೇಷನ್ನಿನಲ್ಲಿ ಆ ದಾರಿಯನ್ನೂ ಸೇರಿಸಿ ತೆಗೆಯಬೇಕಾಗುತ್ತದೆ. ಅದಕ್ಕೇ ಸೂಜಿ ಎಲ್ಲಿಂದ ಹಾಕಬೇಕು ಅಂತ ಕೊನೆಗೆ ಆಪರೇಷನ್ ಮಾಡುವ ತಂಡವೇ ಹೇಳಬೇಕು. ಎಲ್ಲೋ ಒಂದು ಕಡೆ ಸುಮ್ನೆ ಮಾಡಿಸಿಕೊಂಡು ಬರಬೇಡಿ.

ಈಗ ನಿಮ್ಮ ಭಯಕ್ಕೆ ಬರುತ್ತೇನೆ. ಮೆದುಳಿಗೆ ನಾಲ್ಕು ದೊಡ್ಡ ನಾಳಗಳಿಂದ ರಕ್ತ ಹೋಗುತ್ತದೆ. ಮುಂದೆ ಎರಡು ಕೆರೋಟಿಡ್, ಹಿಂದೆ ಎರಡು ವರ್ಟೆಬ್ರಲ್. ವರ್ಟೆಬ್ರಲ್ ನಾಳ ಸಾಮಾನ್ಯವಾಗಿ ಕತ್ತಿನ 6ನೇ ಮೂಳೆಯ ಪಕ್ಕದ ತೂತಿನೊಳಗೆ ಹೊಕ್ಕು, ಒಂದೊಂದೇ ಮೂಳೆಯ ತೂತು ದಾಟಿ ಮೇಲೆ ಹೋಗುತ್ತದೆ. ಮೊದಲನೇ ಮೂಳೆಯ ಮೇಲೆ ಹಿಂದಕ್ಕೆ ಸುತ್ತಿ ತಲೆಬುರುಡೆ ಸೇರುತ್ತದೆ. ಅಲ್ಲಿ ಎಡ ಬಲ ಎರಡೂ ಕೂಡಿ ಒಂದಾಗುತ್ತವೆ. ಹೀಗೆ ಕೂಡುವುದರಿಂದಲೇ ಒಂದನ್ನು ಮುಚ್ಚಿದರೆ ಇನ್ನೊಂದು ಭಾರ ಹೊರಬಲ್ಲದು. ಆದರೆ ಎಲ್ಲರಲ್ಲೂ ಎರಡೂ ಒಂದೇ ಗಾತ್ರ ಇರುವುದಿಲ್ಲ. ಕೆಲವರಿಗೆ ಒಂದು ದಪ್ಪ, ಇನ್ನೊಂದು ದಾರದ ಹಾಗೆ. ದಪ್ಪಗಿರುವುದನ್ನೇ ಮುಚ್ಚಿದರೆ ಅನಾಹುತ. ನಿಮ್ಮ ಅಕ್ಕನ ಎಡಗಡೆಯ ನಾಳ ಹೇಗಿದೆ ಅಂತ ಕೇಳಿ. ಸಿಟಿ ಆಂಜಿಯೋಗ್ರಾಮ್‌ನಲ್ಲಿ ಕಾಣುತ್ತದೆ.

ಮೌನಿ

ನಡುವೆ ಒಂದು ಮಾತು. ನನ್ನ ಚಿಕ್ಕಪ್ಪನಿಗೆ ಕತ್ತು ನೋವು ಅಂತ ಯಾರೋ ಕತ್ತನ್ನು ತಿರುಗಿಸಿ ಲಟಕ್ ಅನ್ನಿಸಿದರು. ಗಡ್ಡೆ ತಿಂದ ಮೂಳೆ ಅಲ್ಲೇ ಕುಸಿಯಿತು. ರಾತ್ರಿ ಹೆಚ್ಚಾಗುವ ನೋವು, ಕೈ ಸೋಲುವುದು, ನಡಿಗೆ ತೊಡರುವುದು ಇದ್ದರೆ ದಯವಿಟ್ಟು ಕತ್ತು ತಿರುಗಿಸಲು ಯಾರಿಗೂ ಕೊಡಬೇಡಿ.

ಅಕ್ಕನ ತಂಗಿ

ಎಂಟು ದಿನ ಆಯಿತು. ಎರಡನೇ ಡಾಕ್ಟರ ತಂಡಕ್ಕೇ ಹೋದೆವು. ನಾಲ್ಕೈದು ವಿಭಾಗದವರು ಒಟ್ಟಿಗೆ ಕೂತು ನೋಡಿದರು. ಬಯಾಪ್ಸಿ ಆಯಿತು. ಹಿಂದಿನಿಂದ, ಅವರೇ ಗುರುತು ಹಾಕಿದ ಜಾಗದಿಂದ.

ಕಾರ್ಡೋಮಾ.

ವರದಿಯಲ್ಲಿ ಬ್ರಾಕಿಯೂರಿ ಅನ್ನುವ ಪ್ರೋಟೀನ್ ಪಾಸಿಟಿವ್ ಅಂತ ಇದೆ. ಅದು ಇದ್ದರೆ ಕಾರ್ಡೋಮಾ ಅನ್ನುವುದರಲ್ಲಿ ಅನುಮಾನ ಕಡಿಮೆ ಅಂತೆ. ಸಮಾಧಾನದ ಸುದ್ದಿ ಒಂದೇ, ಎಡಗಡೆಯ ನಾಳ ದಪ್ಪಗಿದೆ, ಚೆನ್ನಾಗಿದೆ.

ಜೊತೆಗಾರ ಅಣ್ಣ, ನೀವು ಅವತ್ತು ಕೇಳದೆ ಇದ್ದಿದ್ದರೆ ನಾವು ಮೊದಲನೇ ಡಾಕ್ಟರ ಹತ್ತಿರವೇ ಆಪರೇಷನ್ನಿಗೆ ದಿನ ಗೊತ್ತು ಮಾಡಿಬಿಡುತ್ತಿದ್ದೆವು.

ಜೊತೆಗಾರ

ಅಕ್ಕನಿಗೆ ಹೇಳಿ, ಅವರಿಗೆ ಮೊದಲ ಸಲದ ಅವಕಾಶ ಇನ್ನೂ ಕೈಯಲ್ಲಿದೆ. ನಮಗೆ ಅದು ಸಿಗಲಿಲ್ಲ.

ರೇಡಿಯೇಷನ್ ಬಗ್ಗೆ ಈಗಲೇ ಕೇಳಿ, ಆಪರೇಷನ್ ಆದ ಮೇಲಲ್ಲ. ಕಾರ್ಡೋಮಾಗೆ ಮಾಮೂಲಿ ಕೀಮೋ ನಾಟುವುದಿಲ್ಲ. ರೇಡಿಯೇಷನ್ ಕೂಡ ಸಣ್ಣ ಪ್ರಮಾಣದಲ್ಲಿ ಸಾಲದು, ಸಾಮಾನ್ಯವಾಗಿ 70 ಗ್ರೇ (ಕಿರಣದ ಪ್ರಮಾಣದ ಅಳತೆ) ದಾಟಬೇಕು. ಪಕ್ಕದ ಬೆನ್ನುಹುರಿ ಸುಮಾರು 50 ಗ್ರೇ ಆಸುಪಾಸಿನಲ್ಲೇ ಅಪಾಯಕ್ಕೆ ಬರುತ್ತದೆ. ಅದಕ್ಕೇ ಪ್ರೋಟಾನ್ ಕಿರಣ ಹುಡುಕುವುದು. ಅದು ಬೇಕಾದ ಆಳಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಜಪಾನಿನ ಚಿಬಾದಲ್ಲಿ 1994ರಿಂದ ಕಾರ್ಬನ್ ಅಯಾನ್ ಕಿರಣವನ್ನೂ ಬಳಸುತ್ತಿದ್ದಾರೆ.

ಇನ್ನೊಂದು, ಮೂಳೆ ಹಿಡಿದಿಡಲು ಹಾಕುವ ರಾಡು, ಸ್ಕ್ರೂ ಯಾವ ವಸ್ತುವಿನದು ಅಂತ ಕೇಳಿ. ಲೋಹ ಇದ್ದರೆ ಮುಂದೆ ಎಂಆರ್‌ಐಯಲ್ಲಿ ಆ ಜಾಗ ಮಸುಕಾಗುತ್ತದೆ, ಕಿರಣದ ಲೆಕ್ಕವೂ ಕಷ್ಟ. ಕಾರ್ಬನ್ ಫೈಬರಿನವು ಬಂದಿವೆ. ಎಲ್ಲ ಜಾಗಕ್ಕೂ ಒಗ್ಗುತ್ತವೆ ಅಂತಲ್ಲ, ಕೇಳಿ ನೋಡಿ.

ಅಕ್ಕನ ತಂಗಿ

ಕೇಳಿದೆವು. ಸದ್ಯಕ್ಕೆ ಕತ್ತಿನ ಹಿಂಭಾಗಕ್ಕೆ ಹಾಕುವ ರಾಡುಗಳು ಕಾರ್ಬನ್ ಫೈಬರ್ ಅಂತ ತೀರ್ಮಾನ ಆಯಿತು.

ಮುಂದಿನ ವಾರ ಬಲೂನ್ ಟೆಸ್ಟ್ ಅಂತೆ. ಎಚ್ಚರ ಇರುವಾಗಲೇ ನಾಳ ಮುಚ್ಚಿ ನೋಡುತ್ತಾರಂತೆ. ಅಕ್ಕ ಇದಕ್ಕೇ ಜಾಸ್ತಿ ಹೆದರಿದ್ದಾಳೆ. ಯಾರಾದರೂ ಇದನ್ನು ಹತ್ತಿರದಿಂದ ನೋಡಿದ್ದೀರಾ?

ಓಟಿ ಸಿಸ್ಟರ್

ನಾನು ನೋಡಿದ್ದೇನೆ ತಂಗಿ, ಬಹಳ ಸಲ. ಅಕ್ಕನಿಗೆ ಓದಿ ಹೇಳಿ.

ತೊಡೆಸಂದಿಯಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಅಲ್ಲಿಂದ ತೆಳು ನಳಿಗೆ ಮೇಲೆ ಹೋಗುತ್ತದೆ. ಒಳಗೆ ಹೋಗುವುದು ಗೊತ್ತಾಗುವುದಿಲ್ಲ. ಬಣ್ಣದ ಔಷಧಿ ಬಿಟ್ಟಾಗ ಕತ್ತು, ತಲೆ ಒಳಗೆ ಬಿಸಿ ಅನ್ನಿಸುತ್ತದೆ, ಕೆಲವು ಕ್ಷಣ ಮಾತ್ರ. ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಟ್ಟಿರುತ್ತಾರೆ. ಆಮೇಲೆ ಸಣ್ಣ ಬಲೂನನ್ನು ಊದಿಸಿ ನಾಳವನ್ನು ಅರ್ಧ ಗಂಟೆ ಆಸುಪಾಸು ಮುಚ್ಚಿಡುತ್ತಾರೆ. ಅಷ್ಟು ಹೊತ್ತೂ ಒಬ್ಬರು ಅಕ್ಕನ ಪಕ್ಕದಲ್ಲೇ ಇದ್ದು ಮಾತಾಡಿಸುತ್ತಾರೆ. ಕೈ ಎತ್ತಿ, ಬೆರಳು ನೋಡಿ, ನಾಲಿಗೆ ಹೊರಗೆ ಹಾಕಿ, ನೂರರಿಂದ ಹಿಂದಕ್ಕೆ ಎಣಿಸಿ ಅನ್ನುತ್ತಾರೆ. ತಲೆ ಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು ಏನಾದರೂ ಆದರೆ ತಕ್ಷಣ ಹೇಳಬೇಕು. ಆಗ ಬಲೂನ್ ಇಳಿಸಿಬಿಡುತ್ತಾರೆ. ಹೇಳಲು ಸಂಕೋಚ ಬೇಡವೇ ಬೇಡ. ಕೆಲವು ಕಡೆ ಬಿಪಿಯನ್ನು ಬೇಕೆಂದೇ ಸ್ವಲ್ಪ ಇಳಿಸಿಯೂ ನೋಡುತ್ತಾರೆ.

ಎಲ್ಲ ಸರಿ ಇದ್ದರೆ ಗಡ್ಡೆಯ ಕೆಳಗೂ ಮೇಲೂ ಪ್ಲಾಟಿನಂ ಸುರುಳಿಗಳನ್ನು ತುಂಬಿ ನಾಳ ಮುಚ್ಚುತ್ತಾರೆ. ಅಷ್ಟೇ. ಅದಕ್ಕೂ ಮೊದಲು ಇನ್ನೊಂದು ನೋಡುತ್ತಾರೆ. ಈ ನಾಳದಿಂದ ಬೆನ್ನುಹುರಿಗೆ ಹೋಗುವ ಕೂದಲೆಳೆಯಂಥ ಕವಲು ಗಡ್ಡೆಯ ಮಟ್ಟದಲ್ಲೇ ಇದೆಯಾ ಅಂತ. ಅದನ್ನು ಕಳೆದುಕೊಂಡರೆ ಕೈಕಾಲಿಗೆ ತೊಂದರೆ.

ಟೆಸ್ಟ್ ಪಾಸಾದರೂ ನೂರಕ್ಕೆ ನೂರು ಭರವಸೆ ಅಂತ ಯಾರೂ ಹೇಳುವುದಿಲ್ಲ. ಆಮೇಲೂ ಕೆಲವರಿಗೆ ಪಾರ್ಶ್ವವಾಯು ಆಗಿದ್ದಿದೆ. ಇದನ್ನು ಮುಚ್ಚಿಡಬಾರದು ಅಂತ ಬರೆದೆ.

ಹಳೇ ಹೊಲಿಗೆ

ಸಿಸ್ಟರ್, ಆಪರೇಷನ್ ಥಿಯೇಟರ್ ಒಳಗೆ ನಾಳ ಹರಿದರೆ ಏನು ಮಾಡುತ್ತಾರೆ? ನನಗೆ ಆರು ವರ್ಷದಿಂದ ಈ ಪ್ರಶ್ನೆ ಇದೆ. ಆಗ ಕೇಳಲು ಧೈರ್ಯ ಬರಲಿಲ್ಲ.

ಓಟಿ ಸಿಸ್ಟರ್

ಮೊದಲು ಬೆರಳಿನಲ್ಲೋ ಹತ್ತಿಯಲ್ಲೋ ಒತ್ತಿ ಹಿಡಿಯುತ್ತಾರೆ. ಅರಿವಳಿಕೆಯವರು ರಕ್ತ ಏರಿಸುತ್ತಾರೆ, ಬಿಪಿ ಬೀಳದ ಹಾಗೆ ನೋಡುತ್ತಾರೆ. ಆಮೇಲೆ ಹೊಲಿಯುವುದೋ, ಕ್ಲಿಪ್ ಹಾಕುವುದೋ, ತುರ್ತಾಗಿ ಆಂಜಿಯೋಗೆ ಒಯ್ಯುವುದೋ. ನಾನು ಕಂಡ ಒಳ್ಳೇ ಸರ್ಜನ್‌ಗಳು ಗಡ್ಡೆಗೆ ಕೈ ಹಾಕುವ ಮೊದಲೇ ಅದರ ಕೆಳಗೆ ಮತ್ತು ಮೇಲೆ ಆರೋಗ್ಯವಾಗಿರುವ ಜಾಗದಲ್ಲಿ ನಾಳವನ್ನು ಬಿಡಿಸಿ ಹಿಡಿತಕ್ಕೆ ತೆಗೆದುಕೊಂಡಿರುತ್ತಾರೆ. ಹರಿದರೂ ಎರಡು ತುದಿ ಕೈಯಲ್ಲಿರುತ್ತದೆ.

ನರಶಸ್ತ್ರ ಕಲಿಯುತ್ತಿರುವವ

ಸಿಸ್ಟರ್ ಹೇಳಿದ್ದೇ ನಮಗೆ ಕಲಿಸುವ ಮೊದಲ ಪಾಠ. ಈ ನಾಳ ಅಂದರೆ ಹಿಂದೆ ಸರ್ಜನ್‌ಗಳು ಹತ್ತಿರವೇ ಹೋಗುತ್ತಿರಲಿಲ್ಲ. ಪ್ಯಾರಿಸ್ಸಿನ ಬರ್ನಾರ್ಡ್ ಜಾರ್ಜ್ ಅವರು ಕತ್ತಿನ ಪಕ್ಕದಿಂದ ಹೋಗಿ, ಮೂಳೆಯ ತೂತನ್ನು ಮುಂದಿನಿಂದ ತೆರೆದು, ನಾಳವನ್ನು ಬಿಡಿಸುವ ದಾರಿಯನ್ನು ವರ್ಷಗಟ್ಟಲೆ ತಿದ್ದಿ ತೀಡಿದರು. ಅದರಲ್ಲಿ ಒಂದು ಗುಟ್ಟಿದೆ. ನಾಳದ ಸುತ್ತ ಸಿರೆಗಳ ಬಲೆ ಇರುತ್ತದೆ, ಅದರ ಹೊರಗೆ ಮೂಳೆಯ ಪೊರೆಯ ಕೊಳವೆ. ಪೊರೆ ಹರಿಯದ ಹಾಗೆ ಬಿಡಿಸಿದರೆ ರಕ್ತ ಬಹಳ ಕಡಿಮೆ. ಹರಿದರೆ ಸಿರೆಗಳಿಂದ ಒಸರುತ್ತಲೇ ಇರುತ್ತದೆ, ಏನೂ ಕಾಣುವುದಿಲ್ಲ.

ಬೆನ್ನುಮೂಳೆಯ ಗಡ್ಡೆ ಎಲ್ಲೆಲ್ಲಿದೆ ಅಂತ ಗುರುತಿಸಲು 1997ರಲ್ಲಿ ವೈನ್‌ಸ್ಟೈನ್, ಬೋರಿಯಾನಿ, ಬಿಯಾಜಿನಿ ಅನ್ನುವ ಮೂವರು ಒಂದು ನಕ್ಷೆ ಮಾಡಿದರು. ಮೂಳೆಯನ್ನು ಗಡಿಯಾರದ ಹಾಗೆ 12 ಭಾಗ, ಹೊರಗಿನಿಂದ ಒಳಕ್ಕೆ 5 ಪದರ. ಕತ್ತಿಗೆ ಮಾತ್ರ 'ಎಫ್' ಅಂತ ಒಂದು ಪದರ ಜಾಸ್ತಿ, ಈ ನಾಳಕ್ಕಾಗಿಯೇ. ಅಕ್ಕನ ಕಾಗದದಲ್ಲಿ ಆ ಅಕ್ಷರ ಕಂಡರೆ ಹೆದರಬೇಡಿ, ಅರ್ಥ ಇಷ್ಟೇ.

ಒಂದು ಮಾತು ಅಕ್ಕನಿಗೆ ಮೊದಲೇ ಗೊತ್ತಿರಲಿ. ಗಡ್ಡೆಯನ್ನು ಒಡೆಯದೆ ತೆಗೆಯಲು ಅದರೊಳಗಿಂದ ಬರುವ 4ನೇ ನರವನ್ನೂ ಕತ್ತರಿಸಬೇಕಾಗಬಹುದು. ಉಸಿರಾಟದ ವಪೆಯನ್ನು ಆಡಿಸುವ ನರಕ್ಕೆ 3, 4, 5ನೇ ನರಗಳಿಂದ ಎಳೆ ಹೋಗುತ್ತದೆ. ಒಂದು ಕಡೆಯ ಒಂದು ನರ ಹೋದರೆ ಸಾಮಾನ್ಯವಾಗಿ ಉಸಿರು ನಿಭಾಯಿಸುತ್ತದೆ. ಆದರೆ ಮೊದಲ ದಿನಗಳಲ್ಲಿ ವೆಂಟಿಲೇಟರ್ ಬೇಕಾಗಬಹುದು. 5ನೇ ನರ ಸೋತರೆ ಭುಜ ಎತ್ತಲು ಆಗುವುದಿಲ್ಲ. ಅದನ್ನು ಉಳಿಸಲು ಪ್ರಯತ್ನ ಮಾಡುತ್ತಾರೆ.

ಅಕ್ಕನ ತಂಗಿ

ಬಲೂನ್ ಟೆಸ್ಟ್ ಆಯಿತು. ಅಕ್ಕ ಎಣಿಸುತ್ತಾ 61ಕ್ಕೆ ಬಂದಾಗ ಒಂದು ಸಲ ತಪ್ಪಿದಳಂತೆ. ಎಲ್ಲರೂ ಗಾಬರಿ. "ಇಲ್ಲ, ನನಗೆ ಲೆಕ್ಕ ಮೊದಲಿಂದಲೂ ಬರಲ್ಲ" ಅಂದಳಂತೆ. ನಾಳ ಮುಚ್ಚಿದ್ದಾರೆ. ನಾಡಿದ್ದು ಆಪರೇಷನ್. ಎರಡು ಹಂತ. ಮೊದಲು ಹಿಂದಿನಿಂದ, ಎರಡು ದಿನ ಬಿಟ್ಟು ಮುಂದಿನಿಂದ.

ಓಟಿ ಸಿಸ್ಟರ್

ಥಿಯೇಟರಿನಲ್ಲಿ ತಲೆ, ಕೈಕಾಲಿಗೆ ಸಣ್ಣ ಸೂಜಿಗಳನ್ನು ಹಾಕಿ ಬೆನ್ನುಹುರಿಯ ಸಂಕೇತವನ್ನು ಪೂರ್ತಿ ಹೊತ್ತೂ ಗಮನಿಸುತ್ತಿರುತ್ತಾರೆ. ಎದ್ದ ಮೇಲೆ ಅಲ್ಲಲ್ಲಿ ಚುಚ್ಚಿದ ಗುರುತು, ನಾಲಿಗೆ ಕಚ್ಚಿದ ನೋವು ಕಂಡರೆ ಅದರದ್ದೇ. ಮುಖ ಊದಿರುತ್ತದೆ. ಮೊದಲ ಸಲ ನೋಡಿದಾಗ ಅಳಬೇಡಿ, ಇಳಿಯುತ್ತದೆ.

ಅಕ್ಕನ ತಂಗಿ

ಮೂರು ವಾರ ಬರೆಯಲು ಆಗಲಿಲ್ಲ. ಕ್ಷಮಿಸಿ.

ಕತ್ತಿನ ಹಿಂದಿನಿಂದ ಮಾಡಿದ ಆಪರೇಷನ್ 9 ಗಂಟೆ, ಮುಂದಿನಿಂದ ಮಾಡಿದ್ದು 11 ಗಂಟೆ. ಗಡ್ಡೆ ಒಡೆಯದೆ ಒಂದೇ ತುಂಡಾಗಿ ಬಂತು, ಮುಚ್ಚಿದ ನಾಳದ ತುಂಡೂ ಅದರೊಳಗೇ. ಐದು ದಿನ ವೆಂಟಿಲೇಟರ್. ತೆಗೆದ ದಿನ ಅಕ್ಕನಿಗೆ ದನಿ ಇರಲಿಲ್ಲ, ಗಾಳಿ ಮಾತ್ರ ಬರುತ್ತಿತ್ತು. ನುಂಗಲು ಕಷ್ಟ, ಹನ್ನೆರಡು ದಿನ ಮೂಗಿನ ನಳಿಗೆ. ಬಲಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿದೆ, ಆ ಕಡೆಯ ಪಾಪೆ ಚಿಕ್ಕದಾಗಿದೆ. ಬಲಗೈ ಭುಜದ ಮಟ್ಟಕ್ಕೆ ಏಳುತ್ತಿಲ್ಲ. ಬೆರಳು ಮಾತ್ರ ಮೊದಲಿಗಿಂತ ಚೆನ್ನಾಗಿದೆ. ನಿನ್ನೆ ಗುಂಡಿ ಹಾಕಿಕೊಂಡಳು. ಒಂದೇ ಗುಂಡಿ. ಭಾವ ಹೊರಗೆ ಹೋಗಿ ನಿಂತುಬಿಟ್ಟರು.

ಫಿಸಿಯೋ ಗೆಳೆಯ

ರೆಪ್ಪೆ ಇಳಿದಿರುವುದನ್ನು ಹಾರ್ನರ್ ಅನ್ನುತ್ತಾರೆ, ಕತ್ತಿನ ಮುಂದಿನ ಸಿಂಪಥೆಟಿಕ್ ನರದ ಎಳೆ ನೊಂದಾಗ ಆಗುತ್ತದೆ. ದೃಷ್ಟಿಗೆ ತೊಂದರೆ ಇಲ್ಲ.

ಭುಜದ ವಿಷಯಕ್ಕೆ ಬರೋಣ. 5ನೇ ನರ ಕತ್ತರಿಸದೆ ಬರೀ ಸೋತಿದ್ದರೆ ಎಷ್ಟೋ ಜನರಿಗೆ ತಿಂಗಳುಗಳಲ್ಲಿ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಕೀಲು ಬಿಗಿಯಬಾರದು. ದಿನಕ್ಕೆ ಮೂರು ನಾಲ್ಕು ಸಲ ಬೇರೆಯವರು ಕೈ ಹಿಡಿದು ಮೆಲ್ಲಗೆ ಎತ್ತಿ ಇಳಿಸಬೇಕು. ಕಂಕುಳಲ್ಲಿ ಹಿಡಿದು ಎಳೆದು ಎಬ್ಬಿಸಬೇಡಿ, ಸೋತ ಭುಜ ಜಾರುತ್ತದೆ. ಕತ್ತು ತಿರುಗುವುದರಲ್ಲಿ ಸುಮಾರು ಅರ್ಧ ಪಾಲು 1 ಮತ್ತು 2ನೇ ಮೂಳೆಗಳ ನಡುವೆ ಆಗುತ್ತದೆ. ಅಕ್ಕನಿಗೆ ಅದು ಉಳಿದಿದೆ. ಪಕ್ಕಕ್ಕೆ ನೋಡಲು ಖಂಡಿತ ಬರುತ್ತದೆ, ಕಾಲರ್ ತೆಗೆಯುವವರೆಗೆ ಕಾಯಿರಿ.

ಮೌನಿ

ಕಳೆದುಕೊಂಡಿದ್ದು ಇಷ್ಟೊಂದು. ಸಿಕ್ಕಿದ್ದು ಏನು ಅಂತ ಅಕ್ಕನಿಗೆ ಅನ್ನಿಸುತ್ತಿದೆಯಾ? ತಪ್ಪು ತಿಳಿಯಬೇಡಿ, ಮುಂದೆ ಇದನ್ನು ಓದುವವರಿಗಾಗಿ ಕೇಳುತ್ತಿದ್ದೇನೆ.

ಅಕ್ಕನ ತಂಗಿ

ಅಕ್ಕನನ್ನೇ ಕೇಳಿದೆ. ದನಿ ಇನ್ನೂ ಸಣ್ಣಗಿದೆ, ಬರೆದು ತೋರಿಸಿದಳು. ಹಾಗೇ ಹಾಕುತ್ತಿದ್ದೇನೆ.

"ಕೈ ಏಳಲ್ಲ ಅಂತ ದಿನಾ ಸಿಟ್ಟು ಬರುತ್ತೆ. ಆದರೆ ಇದು ಆಗಬಹುದು ಅಂತ ಮೊದಲೇ ಹೇಳಿದ್ದರು. ನಾನೇ ಹೂಂ ಅಂದಿದ್ದೆ. ಯಾರೋ ನನಗೆ ಮಾಡಿದ್ದು ಅಂತ ಅನ್ನಿಸಲ್ಲ."

ತೆಗೆದ ತುಂಡಿನ ಅಂಚಿನ ವರದಿಯೂ ಬಂತು. ಅಂಚಿನಲ್ಲಿ ಯಾವ ಕಡೆಯೂ ಗಡ್ಡೆಯ ಕಣ ಇಲ್ಲ. ಬೆನ್ನುಹುರಿಯ ಪೊರೆಯ ಕಡೆ ಮಾತ್ರ ಗಡ್ಡೆ ಇಲ್ಲದ ಅಂಚು 1 ಮಿಲಿಮೀಟರಿಗಿಂತ ಕಡಿಮೆ. ಪ್ರೋಟಾನ್‌ಗೆ ಹೆಸರು ಬರೆಸಿದ್ದೇವೆ, ಗಾಯ ಪೂರ್ತಿ ಒಣಗಿದ ಮೇಲೆ ಶುರು. ಜೊತೆಗಾರ ಅಣ್ಣ, ಸ್ಕ್ಯಾನ್ ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು?

ಜೊತೆಗಾರ

ನಮಗೆ ಮೊದಲ ವರ್ಷಗಳಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ಅಂದಿದ್ದರು. ನಿಮ್ಮ ತಂಡ ಹೇಳಿದ ಹಾಗೆ ಮಾಡಿ. ಹತ್ತು ವರ್ಷ ದಾಟಿದ ಮೇಲೂ ಮರಳಿದ್ದಿದೆ, ಹಾಗಾಗಿ ಚೆನ್ನಾಗಿದ್ದಾಳೆ ಅಂತ ಮಧ್ಯೆ ನಿಲ್ಲಿಸಬೇಡಿ. ಪ್ರತಿ ಸಲದ ಸಿಡಿಯನ್ನೂ ದಿನಾಂಕ ಬರೆದು ಒಂದೇ ಕಡೆ ಇಡಿ. ಹಳೆಯದರ ಪಕ್ಕ ಇಟ್ಟು ನೋಡಿದರೇನೇ ಸಣ್ಣ ಬದಲಾವಣೆ ಕಾಣುವುದು.

ಎರಡನೇ ಗುಂಡಿ ಹಾಕಿಕೊಂಡ ದಿನ ಇಲ್ಲಿ ಬರೆಯಿರಿ.